ಮನೆಯ ಪಾಸ್‌ಪೋರ್ಟ್ ಫೋಟೋ

ಹೆಂಡತಿ: ರೀ, ಈ ಫೋಟೋದಲ್ಲಿ ಕೆರೆ ಎಲ್ಲಿ? ಹೋಗ್ಲಿ, ಕಿಟಕಿ ಎಲ್ಲಿ?

ಗಂಡ: ಕಿಟಕಿ ಬಿಳಿ ಬಟ್ಟೆ ಹಿಂದಿದೆ. ಕೆರೆ ಕಿಟಕಿ ಹಿಂದಿದೆ. ಎಲ್ಲಿಗೂ ಹೋಗಿಲ್ಲ.

ಹೆಂಡತಿ: ಬಟ್ಟೆ ಯಾಕ್ರೀ ಕಟ್ಟಿದ್ರಿ?

ಗಂಡ: ಹಿನ್ನೆಲೆ ಬಿಳಿ ಇರಬೇಕು ಕಣೇ. ಇಲ್ಲಾಂದ್ರೆ ಅರ್ಜಿ ವಾಪಸ್ ಬರುತ್ತೆ.

ಹೆಂಡತಿ: ಯಾವ ಅರ್ಜಿ? ಮನೆ ಏನು ವಿದೇಶಕ್ಕೆ ಹೊರಟಿದೆಯಾ?

ಗಂಡ ಮೂವತ್ತನಾಲ್ಕು ವರ್ಷ ಒಂದು ಕಚೇರಿಯ ಪಕ್ಕದ ಪುಟ್ಟ ಸ್ಟುಡಿಯೋದಲ್ಲಿ ಗುರುತಿನ ಚೀಟಿಗೆ, ಪಾಸ್‌ಪೋರ್ಟಿಗೆ ಫೋಟೋ ತೆಗೆದವನು. ಅವನ ಕ್ಯಾಮೆರಾ ಮನುಷ್ಯರ ಮುಖ ಬಿಟ್ಟು ಬೇರೇನನ್ನೂ ಕಂಡದ್ದಿಲ್ಲ. ಕೆರೆ ದಡದ ಈ ಮನೆ ಹೆಂಡತಿಗೂ ಅವಳ ತಮ್ಮನಿಗೂ ತಾಯಿಯಿಂದ ಬಂದದ್ದು. ರಜೆ ಕಳೆಯಲು ಬರುವವರಿಗೆ ಬಾಡಿಗೆಗೆ ಕೊಡೋಣವೆಂದು ಒಂದು ವೆಬ್‌ಸೈಟಿಗೆ ಹಾಕಿ ಮೂರು ತಿಂಗಳಾದರೂ ಒಂದು ನರಪಿಳ್ಳೆ ಇತ್ತ ತಲೆ ಹಾಕಿರಲಿಲ್ಲ. ಇವತ್ತು ಸಂಜೆಯೊಳಗೆ ಒಂದಾದರೂ ಬುಕಿಂಗ್ ಬಾರದಿದ್ದರೆ ಮಾರಿಬಿಡುವುದೇ ಸೈ ಎಂದು ತಮ್ಮ ಗಡುವು ಕೊಟ್ಟು, ಕೊಳ್ಳುವವರನ್ನೂ ಗೊತ್ತು ಮಾಡಿದ್ದ. ಮನೆ ಹಿಂದಿನ ಕೆರೆ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಟ್ಟು ಬೆಳೆದವಳು ಅವಳು. ಒಳ್ಳೆಯ ಫೋಟೋ ಹಾಕಿದರೆ ಯಾರಾದರೂ ಬಂದಾರು, ಮಾರುವುದು ತಪ್ಪೀತು ಎಂದು ಅವಳ ಆಸೆ. ಮನೆಯಲ್ಲೇ ಫೋಟೋಗ್ರಾಫರ್ ಇರುವಾಗ ಹೊರಗಿನವರೇಕೆ ಎಂದು ಕ್ಯಾಮೆರಾ ಕೈಗೆ ಕೊಟ್ಟವಳೂ ಅವಳೇ. ಹಾಗಾಗಿ ಈಗ ಬೈಗುಳದಲ್ಲಿ ಅರ್ಧ ಪಾಲು ತನಗೇ ಸಲ್ಲಬೇಕಾಗಿತ್ತು.

ಹೆಂಡತಿ: ಮಂಚಕ್ಕೆ ಮೂರು ಫೋಟೋನಾ!

ಗಂಡ: ನೇರ, ಎಡ, ಬಲ. ಮುಖ ಆದ್ರೆ ಎರಡೂ ಕಿವಿ ಕಾಣ್ಬೇಕು. ಮಂಚಕ್ಕೆ ಕಿವಿ ಎಲ್ಲಿಂದ ತರ್ಲಿ? ನಾಲ್ಕೂ ಕಾಲು ಕಾಣೋ ಹಾಗೆ ತೆಗೆದೆ.

ಹೆಂಡತಿ: ಬೇರೆಯವರ ಮನೆ ಫೋಟೋ ಒಂದಾದ್ರೂ ನೋಡಿದ್ದೀರಾ? ಹಾಸಿಗೆ ಮೇಲೆ ಹೂವು. ಕಿಟಕಿ ಹತ್ರ ಹಬೆಯಾಡೋ ಕಪ್ಪು. ನೀರಿನ ಕಡೆ ಚಾಚಿದ ಎರಡು ಕಾಲು...

ಗಂಡ: ಯಾರ ಕಾಲು?

ಹೆಂಡತಿ: ಯಾರದೋ!

ಗಂಡ: ಮುಖ ಇಲ್ಲದವರ ಕಾಲು ನಂಬ್ಕೊಂಡು ಯಾರೇ ಬರ್ತಾರೆ?

ಅವಳು ಮುಂದಿನ ಫೋಟೋ ತೆಗೆದಳು.

ಹೆಂಡತಿ: ಅಯ್ಯೋ ದೇವ್ರೇ! ಕಮೋಡಿಗೂ ಬಿಳಿ ಬಟ್ಟೆ ಕಟ್ಟಿ ತೆಗೆದಿದ್ದೀರಲ್ರೀ!

ಗಂಡ: ಬಿಳಿ ಮೇಲೆ ಬಿಳಿ! ಬೆಳಕು ಹೊಂದಿಸೋ ಹೊತ್ತಿಗೆ ಸಾಕಾಗಿಹೋಯ್ತು. ಆದ್ರೂ ನನ್ನ ಗಿರಾಕಿಗಳಿಗಿಂತ ಸಾವಿರ ಪಾಲು ವಾಸಿ. ಅಲ್ಲಾಡಲಿಲ್ಲ, ಕಣ್ಣು ಮುಚ್ಚಲಿಲ್ಲ.

ಹೆಂಡತಿ: ಕೆಳಗಡೆ ಟೈಲ್ಸ್ ಬಿರುಕು ಬಿಟ್ಟಿರೋದು ಎದ್ದು ಕಾಣ್ತಿದೆ. ಅದನ್ನಾದ್ರೂ ಅಳಿಸಬಾರದಿತ್ತಾ?

ಗಂಡ: ಮಚ್ಚೆ ಅಳಿಸಿದ್ರೆ ಮುಖ ಬೇರೆ ಆಗುತ್ತೆ. ಆಮೇಲೆ ಗುರುತು ಹತ್ತಲ್ಲ ಅಂತಾರೆ.

ಹೆಂಡತಿ: ಗುರುತು ಹಿಡಿಯೋಕೆ ಅವರೇನು ನಮ್ಮ ಕಮೋಡಿನ ನೆಂಟರಾ? ಮೊದ್ಲು ಇವನ್ನೆಲ್ಲಾ ತೆಗೆದು ಹಾಕಿ. ನಾನೇ ನನ್ನ ಮೊಬೈಲಲ್ಲಿ ತೆಗೀತೀನಿ.

ಗಂಡ: ಅದು... ಬೆಳಿಗ್ಗೆನೇ ಸೈಟಿಗೆ ಹಾಕ್ಬಿಟ್ಟೆ.

ಹೆಂಡತಿ: ಯಾವ್ದನ್ನ?

ಗಂಡ: ಎಲ್ಲಾನೂ. ಇಪ್ಪತ್ನಾಲ್ಕು.

ಅವಳು ಹತ್ತಿರವಿದ್ದ ಕುರ್ಚಿಯಲ್ಲಿ ದೊಪ್ಪೆಂದು ಕೂತಳು. ಅಷ್ಟರಲ್ಲೇ ಫೋನ್ ಹೊಡೆದುಕೊಂಡಿತು. ತಮ್ಮ.

ತಮ್ಮ: ಅಕ್ಕಾ, ಏನಿದು ಭಾವ ಮಾಡಿರೋ ಘನಕಾರ್ಯ? ಕೊಳ್ಳೋರು ಫೋಟೋ ನೋಡಿ, ಈ ಮನೆಗೆ ಕಿಟಕಿನೇ ಇಲ್ವಾ ಅಂತ ಕೇಳ್ತಿದ್ದಾರೆ! ಹೇಗೋ ಸಮಾಧಾನ ಮಾಡಿದ್ದೀನಿ. ಸಂಜೆ ಕಾಗದ ತರ್ತೀನಿ, ಸಹಿ ಹಾಕ್ಬಿಡು.

ಫೋನ್ ಇಟ್ಟಳು. ಗಂಡನ ಮುಖ ನೋಡಿದಳು. ಅವನು ಬಿಳಿ ಬಟ್ಟೆಯನ್ನು ಬಹಳ ನಾಜೂಕಾಗಿ ಮಡಚುತ್ತಿದ್ದ. ಮತ್ತೆ ಫೋನ್ ಬಂತು, ಈ ಸಲ ಗುರುತಿಲ್ಲದ ಹೆಂಗಸು.

ಹೆಂಗಸು: ಕೆರೆ ದಡದ ಮನೆಯವರಾ? ನಿಮ್ಮ ಫೋಟೋ ನೋಡಿದೆ.

ಹೆಂಡತಿ: ಕ್ಷಮಿಸಿ ಮೇಡಂ, ಅದು ನಮ್ಮ ಯಜಮಾನ್ರು...

ಹೆಂಗಸು: ಆ ಕಮೋಡು...

ಹೆಂಡತಿ: ಈಗ್ಲೇ ತೆಗೆಸ್ತೀನಿ ಮೇಡಂ!

ಹೆಂಗಸು: ಅಯ್ಯೋ, ತೆಗೆಸಬೇಡಿ! ಅದನ್ನ ನಂಬ್ಕೊಂಡೇ ನಾವು ಬರ್ತಿರೋದು.

ಹೆಂಡತಿ: ಏನಂದ್ರಿ?

ಹೆಂಗಸು: ನಮ್ಮ ಅತ್ತೆಗೆ ಎರಡೂ ಮಂಡಿ ಆಪರೇಷನ್ ಆಗಿದೆ. ವರ್ಷದಿಂದ ಹೊಸಿಲು ದಾಟಿಲ್ಲ. ಕರ್ಕೊಂಡು ಹೋಗೋಣ ಅಂತ ಮೂವತ್ತು ಮನೆ ನೋಡಿದೆ. ಎಲ್ಲಾ ಕಡೆ ಹೂವು, ಕಪ್ಪು, ಯಾರದೋ ಕಾಲು! ಮಂಚ ಎಷ್ಟೆತ್ತರ, ಕಮೋಡಿನ ಪಕ್ಕ ಹಿಡ್ಕೊಂಡು ಏಳೋಕೆ ಏನಾದ್ರೂ ಇದೆಯಾ, ಒಬ್ಬ ಮಹಾರಾಯನೂ ತೋರಿಸಿಲ್ಲ. ನಿಮ್ಮಲ್ಲಿ ಹಿಡ್ಕೊಳ್ಳೋ ಕಂಬಿನೂ ಕಾಣುತ್ತೆ, ಟೈಲ್ಸ್ ಬಿರುಕೂ ಕಾಣುತ್ತೆ. ಅಲ್ಲಿ ಕಾಲಿಡಬೇಡಿ ಅಂತ ಅತ್ತೆಗೆ ಆಗ್ಲೇ ಹೇಳಿದ್ದೀನಿ.

ಹೆಂಡತಿ: ಹಾಗಾದ್ರೆ... ನೀವು...

ಹೆಂಗಸು: ಹತ್ತು ದಿನಕ್ಕೆ ಬುಕ್ ಮಾಡಿದೆ. ಅತ್ತೆ ಗೆಳತಿಯರು ಇನ್ನೂ ನಾಲ್ವರಿದ್ದಾರೆ, ಎಂಟು ಮಂಡಿ. ಅವರಿಗೂ ಫೋಟೋ ಕಳಿಸಿದ್ದೀನಿ. ಕಮೋಡಿಂದು ಇನ್ನೊಂದೆರಡು ಇದ್ರೆ ಹಾಕಿ.

ಹೆಂಡತಿಯ ಕಣ್ಣು ತುಂಬಿ ಬಂತು. ಮೂಗು ಒರೆಸಿಕೊಂಡು ತಮ್ಮನಿಗೆ ಫೋನ್ ಹಚ್ಚಿದಳು.

ಹೆಂಡತಿ: ಕಾಗದ ತರಬೇಡ ಕಣೋ. ಬುಕ್ ಆಯ್ತು, ಹತ್ತು ದಿನಕ್ಕೆ.

ತಮ್ಮ: ಆ ಫೋಟೋ ನೋಡಿನಾ? ಏನು ಕಂಡು ಒಪ್ಪಿದ್ರಕ್ಕಾ?

ಹೆಂಡತಿ: ನಿಮ್ಮ ಭಾವನ ಕೈಗುಣ ಕಂಡು. ಇಡು ಫೋನು.

ಗಂಡ ಅಷ್ಟರಲ್ಲಿ ಎದೆಯುಬ್ಬಿಸಿಕೊಂಡು, ಸ್ಟ್ಯಾಂಡ್ ಹೆಗಲಿಗೇರಿಸಿ, ಬಚ್ಚಲುಮನೆಯ ಕಡೆ ಹೊರಟಿದ್ದ. ಹೆಂಡತಿ ಒದ್ದೆ ಬಟ್ಟೆ ಹಿಡಿದು ಹಿಂದೆಯೇ ಓಡಿದಳು.

ಹೆಂಡತಿ: ರೀ, ಒಂದು ನಿಮಿಷ ಇರಿ, ಒರೆಸಿಕೊಡ್ತೀನಿ. ಆಮೇಲೆ ಎಡಗಡೆಯಿಂದಾನೇ ತೆಗೀರಿ. ಅದಕ್ಕೆ ಎಡಗಡೆ ಮುಖಾನೇ ಲಕ್ಷಣ!