ನಡುವೆ ಬಂದ ಮಂಗಳಾರತಿ

ಸಂಗೀತ ಕಾರ್ಯಕ್ರಮದ ಪಟ್ಟಿ ಮಾಡುವುದು ಏನು ಮಹಾ ಕೆಲಸ? ವಿಜಯವಾಡದಲ್ಲಿದ್ದ ಮೂರು ವರ್ಷವೂ ನವರಾತ್ರಿಯ ಭಜನೆಗೆ ಯಾವ ದೇವರ ನಂತರ ಯಾವ ದೇವರು ಎಂದು ಬರೆದುಕೊಟ್ಟವಳು ನಾನು. ನಮ್ಮವರ ಬ್ಯಾಂಕಿನವರು ವಿಶಾಖಪಟ್ಟಣಕ್ಕೆ ವರ್ಗ ಮಾಡಿದಾಗ ಪಾತ್ರೆಪಗಡಗಳ ಜೊತೆ ಆ ಧೈರ್ಯವನ್ನೂ ಲಾರಿಗೆ ಹಾಕಿಕೊಂಡು ಬಂದಿದ್ದೆ. ದೇವರ ದಯೆ, ದಾರಿಯಲ್ಲಿ ಒಡೆದದ್ದು ಎರಡು ಉಪ್ಪಿನಕಾಯಿ ಜಾಡಿ ಮಾತ್ರ. ಧೈರ್ಯಕ್ಕೆ ಏನೂ ಆಗಿರಲಿಲ್ಲ!

ಪಕ್ಕದ ಮನೆಯ ಬಸವರಾಜ್ ಧಾರವಾಡದವರು, ನೌಕಾಪಡೆಯ ಬ್ಯಾಂಡಿನಲ್ಲಿದ್ದರು. ಅವರೂ ಮೂವರು ಗೆಳೆಯರೂ ಸೇರಿ ನಾಲ್ಕು ತಂತಿವಾದ್ಯಗಳಲ್ಲಿ ಪಾಶ್ಚಾತ್ಯ ಸಂಗೀತ ನುಡಿಸುತ್ತಿದ್ದರು. ಎರಡು ಪಿಟೀಲು, ಪಿಟೀಲಿಗಿಂತ ಕೊಂಚ ಮೈಕೈ ತುಂಬಿಕೊಂಡ ವಯೋಲ, ಬಸವರಾಜರು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೊ. ತಿಂಗಳ ಕೊನೆಗೆ ಅವರಿಗೆ ಕೊಚ್ಚಿಗೆ ವರ್ಗ. ಅಷ್ಟರೊಳಗೆ ನಮ್ಮ ಕನ್ನಡ ಸಂಘದಲ್ಲಿ ಒಮ್ಮೆ ನುಡಿಸಬೇಕೆಂಬ ಆಸೆ. ನನ್ನನ್ನು ಅವರು ಕರೆಯುತ್ತಿದ್ದದ್ದು ವೈನಿ, ಅಂದರೆ ಅತ್ತಿಗೆ, ಎಂದು.

“ವೈನಿ, ನಾವು ಬಾರಸೋದೆಲ್ಲಾ ಪಾರ್ಟಿಯೊಳಗ್ರೀ. ನಾವು ಬಾರಸತೀವಿ, ಮಂದಿ ತಿಂತಾರ. ಒಮ್ಮೆರ ನಮ್ಮ ಮಂದಿ ಬಾಯಿ ಆಡಸದ ಕೂತು ಕೇಳಬೇಕ್ರೀ.”

“ಅದು ನನ್ನ ಜವಾಬ್ದಾರಿ ಬಸವರಾಜ್. ಒಬ್ಬರ ದವಡೆಯೂ ಅಲ್ಲಾಡದ ಹಾಗೆ ನೋಡ್ಕೋತೀನಿ!” ಎಂದು ಮಾತು ಕೊಟ್ಟೆ.

ಅವರ ಮೊದಲ ಕೃತಿಯಲ್ಲಿ ನಾಲ್ಕು ಭಾಗಗಳಿದ್ದವು. ವಿದೇಶಿ ಹೆಸರು ಹೇಳಿದರೆ ನಮ್ಮ ಜನಕ್ಕೆ ಏನು ತಿಳಿಯಬೇಕು? ಪೂಜೆಯ ಕ್ರಮದಲ್ಲಿ ಸುಪ್ರಭಾತ, ಅಭಿಷೇಕ, ಅಲಂಕಾರ, ಮಂಗಳಾರತಿ ಎಂದು ನಾಮಕರಣ ಮಾಡಿದೆ. ಉತ್ತರಾರ್ಧಕ್ಕೆ ‘ಕಡಲು’ ಎಂದು ಹೆಸರಿಟ್ಟೆ. ಬಸವರಾಜರು ಒಬ್ಬರೇ ನುಡಿಸುವ ಭಾಗ ಇದ್ದದ್ದು ಅದರಲ್ಲೇ.

ನಮ್ಮವರು ಪಟ್ಟಿ ನೋಡಿ, “ಏನೇ ಇದು, ಮಂಗಳಾರತಿ ಆದ್ಮೇಲೂ ಕಾರ್ಯಕ್ರಮ ಇದೆಯಲ್ಲ?” ಎಂದರು.

“ರೀ, ದೇವರ ಪಾಲು ಮೊದಲು ಮುಗೀಲಿ. ಸಮುದ್ರ ಎಲ್ಲಿಗೂ ಓಡಿಹೋಗಲ್ಲ.”

“ಸಮುದ್ರ ಓಡಲ್ಲ ಕಣೇ. ಜನ?”

ಬ್ಯಾಂಕಿನವರಿಗೆ ಎಲ್ಲದರಲ್ಲೂ ಅನುಮಾನ. ನಾನು ಲಕ್ಷ್ಯ ಕೊಡಲಿಲ್ಲ.

ದ್ವಾರಕಾ ನಗರದ ಬಾಡಿಗೆ ಸಭಾಂಗಣದಲ್ಲಿ ಅರವತ್ತು ಜನ ಸೇರಿದರು. ಗಣಪತಿಯ ನೈವೇದ್ಯಕ್ಕೂ ಕೊನೆಯ ಪ್ರಸಾದಕ್ಕೂ ಎಂದು ನಾನೇ ಮಾಡಿದ್ದ ಪುಳಿಯೋಗರೆ ಹಿಂದಿನ ಕೋಣೆಯಲ್ಲಿ ಭದ್ರವಾಗಿತ್ತು. ಸುಪ್ರಭಾತ ಚೆನ್ನಾಯಿತು. ಅಭಿಷೇಕ, ಅಲಂಕಾರಗಳೂ ನಿರ್ವಿಘ್ನವಾಗಿ ನೆರವೇರಿದವು. “ಈಗ ಮಂಗಳಾರತಿ!” ಎಂದು ಮೈಕಿನಲ್ಲಿ ಘೋಷಿಸಿದೆ. ಅದು ಬಿರುಸಿನ ಭಾಗ. ಯಾರೋ ಚಪ್ಪಾಳೆಯಲ್ಲಿ ತಾಳ ಹಾಕಿದರು. ಸಭೆಯೆಲ್ಲ ಎದ್ದು ನಿಂತು ತಾಳ ಹಾಕಿತು. ಸಂಘದ ಖಜಾಂಚಿಯ ಹೆಂಡತಿ ಸರೋಜಮ್ಮ ವೇದಿಕೆಯ ಗಣಪತಿ ಪಟಕ್ಕೆ ಕರ್ಪೂರ ಹಚ್ಚಿಯೇಬಿಟ್ಟರು. ಭಕ್ತಿಯುಕ್ಕಿ ನಾನೂ ಕೈಮುಗಿದು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟರೆ ಕುರ್ಚಿಗಳು ಖಾಲಿ! ಮಂಗಳಾರತಿ ಆದ ಮೇಲೆ ಯಾರು ಕೂರುತ್ತಾರೆ? ಅರವತ್ತು ಜನರೂ ಹಿಂದಿನ ಕೋಣೆಯೆದುರು ಸಾಲುಗಟ್ಟಿದ್ದರು. ಗಾಬರಿಗೆ ನನ್ನ ಬಾಯಲ್ಲಿ ತೆಲುಗೇ ಬಂತು. “ಕೂರ್ಚೋಂಡಿ, ಕೂರ್ಚೋಂಡಿ! ಇದು ಮಧ್ಯಂತರದ ಮಂಗಳಾರತಿ!”

ನಿವೃತ್ತ ಮ್ಯಾನೇಜರ್ ರಾಯರು ಸಾಲಿನ ಮೊದಲಿಗರು. “ಮಂಗಳಾರತಿಗೂ ಮಧ್ಯಂತರ ಉಂಟೇನಮ್ಮ? ಇಷ್ಟು ವರ್ಷ ಪೂಜೆ ಮಾಡಿದೀನಿ, ನಂಗ್ಯಾರೂ ಹೇಳ್ಲೇ ಇಲ್ಲ!”

“ಇನ್ನೂ ಕಡಲು ಬಾಕಿ ಇದೆ ರಾಯರೇ.”

“ಕಡಲು ಬೆಳಿಗ್ಗೆ ವಾಕಿಂಗಿನಲ್ಲಿ ನೋಡ್ಕೊಂಡೇ ಬಂದೆ.”

ಅಷ್ಟರಲ್ಲಿ ಸರೋಜಮ್ಮ ದೊನ್ನೆ ಹಂಚುತ್ತಿದ್ದರು. ತಡೆಯಲು ಹೋದರೆ, “ಪ್ರಸಾದ ಬೇಡ ಅನ್ನೋದುಂಟೇನ್ರೀ?” ಎಂದರು. ದೇವರ ಹೆಸರು ಬಂದ ಮೇಲೆ ನಾನೇ ದಾರಿ ಬಿಟ್ಟೆ. ವೇದಿಕೆಯ ಮೇಲೆ ಬಸವರಾಜರು ಚೆಲ್ಲೊ ಹಿಡಿದು, ಪಾರ್ಟಿಯಲ್ಲಿ ನುಡಿಸಲು ಕೂತವರ ಹಾಗೆ ಸಪ್ಪಗಿದ್ದರು. ನಾನು ಬಿಡುವವಳೇ? ಮೈಕು ಹಿಡಿದೆ.

“ಪ್ರಸಾದ ಕೈಯಲ್ಲೇ ಹಿಡ್ಕೊಂಡಿರಿ! ಚೆಲ್ಲೊ ಮುಗಿದ ಮೇಲೆ ಸ್ವೀಕರಿಸಿದರೆ ಪುಣ್ಯ ಎರಡರಷ್ಟು!”

ಯಾವ ಶಾಸ್ತ್ರದಲ್ಲೂ ಇಲ್ಲದ ಮಾತು, ಭಗವಂತ ಕ್ಷಮಿಸಲಿ. ಆದರೆ ಎರಡರಷ್ಟು ಪುಣ್ಯ ಯಾರಿಗೆ ಬೇಡ? ಎಲ್ಲರೂ ದೊನ್ನೆ ಸಮೇತ ಕುರ್ಚಿಗೆ ಮರಳಿದರು.

ಬಸವರಾಜರು ಕಣ್ಣು ಮುಚ್ಚಿ ಕಮಾನು ಎಳೆದರು. ಗಂಭೀರವಾದ, ಎದೆಯ ಅಡಿಯಿಂದ ಬಂದಂಥ ನಾದ. ರಾಯರ ಕಣ್ಣು ತುಂಬಿತು. ಒಂದು ದವಡೆಯೂ ಅಲ್ಲಾಡಲಿಲ್ಲ. ಬಾಗಿಲ ಬಳಿ ಕಾವಲು ನಿಂತಿದ್ದ ನನ್ನ ಕೈಗೂ ಸರೋಜಮ್ಮ ಒಂದು ದೊನ್ನೆ ಇಟ್ಟು, “ರೀ, ಉಪ್ಪು ಹಾಕಿದ್ರೋ ಇಲ್ವೋ?” ಎಂದು ಪಿಸುಗುಟ್ಟಿದರು.

ನೈವೇದ್ಯಕ್ಕೆ ಇಡುವುದನ್ನು ಮೊದಲೇ ರುಚಿ ನೋಡುವಂತಿಲ್ಲವಲ್ಲ! ಅರವತ್ತು ಜನ ಇನ್ನೈದು ನಿಮಿಷಕ್ಕೆ ಬಾಯಿಗಿಡುತ್ತಾರೆ. ಒಂದೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ.

ಚೆಲ್ಲೊದ ನಾದದಲ್ಲಿ ಕಡಲು ಅತಿ ಮೆಲ್ಲಗೆ ಹಿಂದೆ ಸರಿಯುವ ಜಾಗ. ಕಡಲೆಕಾಯಿ ಬೀಜ ಹಲ್ಲಿಗೆ ಸಿಕ್ಕಿತು.

ಕಟುಂ!

ಬಸವರಾಜರು ಕಣ್ಣು ಬಿಟ್ಟರು. ಅರವತ್ತು ದೊನ್ನೆಗಳು ಹಾಗೆಯೇ ಇದ್ದವು. ಇಡೀ ಸಭೆಯಲ್ಲಿ ಆಡುತ್ತಿದ್ದ ಬಾಯಿ ಒಂದೇ, ಮಾತು ಕೊಟ್ಟ ವೈನಿಯದು. ಪ್ರಸಾದ ಉಗುಳುವಂತಿಲ್ಲ, ಅಗಿಯದೆ ನುಂಗುವಂತಿಲ್ಲ. ಅವರು ನೋಡುತ್ತಿದ್ದಂತೆಯೇ ಇನ್ನೊಂದು ಸಲ ಅಗಿದೆ.

ಉಪ್ಪು ಮಾತ್ರ ಹದವಾಗಿತ್ತು. ಅಷ್ಟರಮಟ್ಟಿಗೆ ದೇವರು ದೊಡ್ಡವನು!