ವಿಜಯಪುರದ ವೈನಿಗೆ ಸಮುದ್ರದ ಗಾಳಿ

ಮಾಲಾ: ಈ ವೈನಿಗೆ ಎರಡು ಥರದ ದ್ರಾಕ್ಷಿ ಕೂಡಿಸ್ಯಾರ ಅಂದ್ರ ಅದು ಬೆರಕಿ ಮಾಲಲ್ಲೇನ್ರಿ? ಹಾಲಿಗೆ ನೀರು ಕೂಡಿಸಿದ್ರ ಗೌಳ್ಯಾನ ಜೋಡಿ ಜಗಳಾ ತಗೀತೀರಿ!

ಶಶಿಧರ: ಬೆರಕಿ ಅಲ್ಲ, ಬ್ಲೆಂಡ್! ನೀ ಎರಡು ಥರದ ಚಹಾಪುಡಿ ಕೂಡಸಂಗಿಲ್ಲಾ? ಒಂದು ಬಣ್ಣಕ್ಕ, ಒಂದು ಕಡಕ್ ಆಗಾಕ? ಕೂಡಸೂದು ದೊಡ್ಡ ಕಲಾ. ಕೂಡಿಸಿದವರಿಗೆ ಕೈ ಮುಗೀಬೇಕು.

ಮಾಲಾ: (ನಗು ನುಂಗಿಕೊಂಡು) ನೆನಪಿಟ್ಕೋರಿ, ಅಂದಾವ್ರು ನೀವು.

ಸದಾಶಿವನಗರದ ಈ ಗಂಡ-ಹೆಂಡತಿಯ ಮನೆಗೆ ಇನ್ನೇನು ಖಾನಾಪುರದಿಂದ ಮಾಲಾಳ ಅಕ್ಕನ ಗಂಡ ಗುರುಸಿದ್ದ ಬರುವವನಿದ್ದ. ಹೋದ ಸಲ ಅವನ ಮನೆಯಲ್ಲಿ ಶಶಿಧರ ವೈನಿಗೆ ಸೋಡಾ ಸುರಿದುಕೊಂಡು ನೆಂಟರೆಲ್ಲರ ಎದುರು ನಗೆಗೀಡಾಗಿದ್ದ. ಷಡ್ಡಕನಿಂದ ಹೋದ ಮಾನ ಷಡ್ಡಕನ ಬಾಯಿಂದಲೇ ವಾಪಸು ಬರಬೇಕೆಂದು, ಪಾಪ, ಮೊಬೈಲ್ ನೋಡಿ ನೋಡಿ ವೈನ್ ರುಚಿ ಹೇಳುವುದನ್ನು ಕಲಿತಿದ್ದ.

ಮಾಲಾ: ಭಾವಾಗ ಕುಡಸಾಕ ಇಷ್ಟು ಅಗ್ಗದ್ದು ತಂದೀರೇನು?

ಶಶಿಧರ: ಅಗ್ಗದ್ದು ಅನಬ್ಯಾಡ, ಕೈಗೆಟಕೂದು ಅನ್ನು. (ಗ್ಲಾಸು ತಿರುಗಿಸಿ, ಮೂಗು ಒಳಗಿಟ್ಟು) ಹಾ! ನೇರಳೆಹಣ್ಣು... (ಗುಟುಕರಿಸಿ) ಸಣ್ಣಗ ಹುಳಿ... ಕಡೀಕ ಒಂಚೂರು ಉಪ್ಪು! ಸಮುದ್ರದ ಬಾಜು ಬೆಳದ ದ್ರಾಕ್ಷಿ ನೋಡು ಇದು!

ಮಾಲಾ: ಬಾಟ್ಲಿ ಮ್ಯಾಲ ವಿಜಯಪುರ ಅಂತ ಬರದೈತಿ. ಅಲ್ಲೆ ಯಾವ ಸಮುದ್ರ ಐತ್ರಿ?

ಶಶಿಧರ: ಗಾಳಿ ಬರತಿರಬೇಕು.

ಮಾಲಾ: ವಿಜಯಪುರದ ತನಕಾ?

ಶಶಿಧರ: ತಿಳದವರಿಗೆ ತಿಳೀತೈತಿ! ಇಂಥಾ ರುಚಿ ನಾ ಎಂದೂ ಕಂಡಿಲ್ಲ. ಇವತ್ತ ಗುರುಸಿದ್ದಣ್ಣ ಬಾಯಿ ಮುಚ್ಚತಾನ.

ಮಾಲಾ: ಹಂಗಾದ್ರ ಹೇಳೇಬಿಡ್ತೀನಿ. ವೈನ್ ಉಸಿರಾಡ್ಲಿ ಅಂತ ನೀವು ಮುಚ್ಚಳ ತಗದು ಇಟ್ಟಿದ್ರಲ್ಲಾ? ಕಟ್ಟಿ ಒರಸೂ ಮುಂದ ನನ್ನ ಕೈ ತಾಗಿ ಅರ್ಧಾ ಚೆಲ್ಲಿತು. ಸಾರಿಗೆ ನೆನಿಹಾಕಿದ ಉಪ್ಪಿನ ಕೋಕಂ ನೀರು ಬಾಜೂಕ ಇತ್ತು. ಬಣ್ಣಾನೂ ಕೂಡ್ತು...

ಶಶಿಧರ: ಅಯ್ಯಯ್ಯ! ಬೆರಕಿ ಮಾಡಿದೇನ?

ಮಾಲಾ: ಬೆರಕಿ ಅಲ್ರಿ, ಬ್ಲೆಂಡ್. ಮುಗೀರಿ ಕೈ!

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬೇರೆ ಬಾಟಲಿ ತರಲು ಹೊತ್ತೆಲ್ಲಿ? ಬಂದ ಗುರುಸಿದ್ದ ಕಾಲು ತೊಳೆದು ಕುಳಿತವನೇ ಗ್ಲಾಸು ಎತ್ತಿದ. ಮೂಸಿದ, ಗುಟುಕರಿಸಿದ, ಕಣ್ಣು ಮುಚ್ಚಿದ. ಮಾಲಾ ಮೆಲ್ಲಗೆ ಅಡುಗೆಮನೆಗೆ ಜಾರಿದಳು. ಶಶಿಧರ ಸೋಡಾ ಬಾಟಲಿಗೆ ಕೈ ಹಾಕಿದ.

ಗುರುಸಿದ್ದ: ಎಲ್ಲಿಂದ ತಂದ್ಯೋ ಇದನ್ನ?

ಶಶಿಧರ: ಯಾಕಣ್ಣಾ... ಸೋಡಾ ಕೊಡ್ಲೇನು?

ಗುರುಸಿದ್ದ: ಹುಚ್ಚಪ್ಪಾ, ಇದಕ್ಕ ಯಾರರ ಸೋಡಾ ಹಾಕ್ತಾರೇನು? ಕುಡದ ಕೂಡ್ಲೆ ನಮ್ಮ ಹಿತ್ತಲದಾಗ ಕುಂತಂಗ ಆತು! ಭಾರಿ ನಾಲಿಗಿ ಐತಿ ನಿಂದು, ಒಪ್ಪಿದ್ನೆಪಾ. ನಾ ಹೋಗೂ ಮುಂದ ಎರಡು ಬಾಟ್ಲಿ ಕಟ್ಟಿ ಕೊಡು.

ಹೋದ ಮಾನ ಬಡ್ಡಿ ಸಮೇತ ಬಂತು. ಶಶಿಧರ ಎದೆಯುಬ್ಬಿಸಿ ಸಮುದ್ರದ ಗಾಳಿಯ ಮಾತು ತೆಗೆಯುವುದರೊಳಗೆ ಅಡುಗೆಮನೆಯಿಂದ ದನಿ ಬಂತು.

ಮಾಲಾ: ನಿಮ್ಮ ಹಿತ್ತಲದ ಕೋಕಂ ತೀರ್‍ಯಾವ್ರಿ ಭಾವಾ! ಮದಲ ಅವನ್ನ ಕಳಸ್ರಿ, ಆಮ್ಯಾಲ ಎಷ್ಟು ಬಾಟ್ಲಿ ಬೇಕು ಹೇಳ್ರಿ!