ಭಾವನ ಮನೆಯ ಜರ್ಮನ್ ಅತಿಥಿ

ಸಿಡ್ನಿಯ ಎಪ್ಪಿಂಗ್‌ನಲ್ಲಿ ನಮ್ಮ ಭಾವನ ಫ್ಲಾಟಿನ ರೆಂಟ್ ಒಬ್ಬರ ಹೆಸರಿನಲ್ಲಿತ್ತು, ಕಳೆದೆರಡು ವರ್ಷ ವಾಸ ಮಾತ್ರ ಇಬ್ಬರದು: ಒಬ್ಬರು ಭಾವ, ಇನ್ನೊಬ್ಬ ಸತ್ತು ಇನ್ನೂರು ವರ್ಷವಾದ ಜರ್ಮನ್ ಪುಸ್ತಕ ವ್ಯಾಪಾರಿ! ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಲು ಹೋದರೆ ಸಾಕು, "ಅಲ್ಲಿ ಬೇಡಪ್ಪ, ಅವರು ಕೂತಿದ್ದಾರೆ" ಎನ್ನುತ್ತಿದ್ದರು. ಇಪ್ಪತ್ತು ವರ್ಷ ಸಾಫ್ಟ್‌ವೇರ್ ಬರೆದವರಿಗೆ ಹೀಗೂ ಆಗುವುದುಂಟೇ?

ಆ ಜರ್ಮನ್‌ನನ್ನು ಮನೆಗೆ ತಂದವಳು ನಮ್ಮಕ್ಕ. ಮೆಲ್ಬರ್ನಿನ ನನ್ನ ಮನೆಗೆ ಬಂದಿದ್ದಾಗ ಹಳೇ ಪುಸ್ತಕದಂಗಡಿಯಲ್ಲಿ ಅವನ ಜೀವನಚರಿತ್ರೆ ಸಿಕ್ಕಿತು, ಅವನ ಕಾಲದಲ್ಲೇ ಜರ್ಮನ್ ಭಾಷೆಯಲ್ಲಿ ಅಚ್ಚಾದದ್ದು. ಮೈಸೂರಿನಲ್ಲಿ ಜರ್ಮನ್ ಕಲಿತು ಅದನ್ನು ಎಲ್ಲಿಯೂ ಬಳಸಲಾಗದೆ ಕೂತಿದ್ದ ಗಂಡನಿಗೆ ಇರಲಿ ಎಂದು ಕೊಂಡಳು. ಆ ಕಾಲದ ಪುಸ್ತಕದಲ್ಲಿ ಹಾಳೆಗಳು ಮಡಿಸಿದ ಹಾಗೇ ಇರುತ್ತವೆ. ಓದುವವರೇ ಮಡಿಕೆಗಳನ್ನು ಕತ್ತರಿಸಿಕೊಳ್ಳಬೇಕು. ಇದರ ಒಂದು ಮಡಿಕೆಯನ್ನೂ ಯಾರೂ ಮುಟ್ಟಿರಲಿಲ್ಲ. ಅಕ್ಕ ಎಡಚಿ. ಆ ಕುರ್ಚಿಯಲ್ಲಿ ಕೂತು ದಿನಕ್ಕೊಂದು ಮಡಿಕೆ ಕತ್ತರಿಸುವಳು, ಕೊನೆಯಲ್ಲಿ ಪ್ರತಿ ಸಲವೂ ಚೂರು ಹರಿಯುವಳು. "ಇನ್ನೂರು ವರ್ಷ ನೆಟ್ಟಗಿತ್ತು ಕಣೇ" ಎಂದು ರೇಗುತ್ತಲೇ ಭಾವ ಅದನ್ನು ಕನ್ನಡದಲ್ಲಿ ಓದಿ ಹೇಳುವರು.

ವ್ಯಾಪಾರಿ ತನ್ನ ಪುಸ್ತಕಗಳನ್ನು ಪೀಪಾಯಿಯಲ್ಲಿ ತುಂಬಿ ಸಂತೆಗೆ ಒಯ್ದು, ಹಾಳೆಗೆ ಹಾಳೆ ಲೆಕ್ಕದಲ್ಲಿ ಬೇರೆಯವರ ಪುಸ್ತಕಗಳಿಗೆ ಬದಲಾಯಿಸಿಕೊಳ್ಳುತ್ತಿದ್ದನಂತೆ. ಭಾವನಿಗೂ ಅದೇ ಹುಚ್ಚು ಹಿಡಿಯಿತು. ಬ್ಲ್ಯಾಕ್‌ಟೌನಿನಲ್ಲಿ ಒಬ್ಬರ ಮನೆಗೆ ಊಟಕ್ಕೆ ಹೋಗಿ ಅವರ ಅಡುಗೆ ಪುಸ್ತಕ ಎತ್ತಿಕೊಂಡು, ಟ್ಯಾಕ್ಸ್ ಗೈಡ್ ಇಟ್ಟು ಬಂದರು.

"ಅಂಕಲ್, ನನ್ನ ಕುಕ್‌ಬುಕ್ ಎಲ್ಲಿ?" ಎಂದು ಆ ಮನೆಯಾಕೆ ಫೋನ್ ಮಾಡಿದರು.

"ಹಾಳೆಗೆ ಹಾಳೆ ಸರಿಯಾಗಿದೆ, ಎಣಿಸ್ಕೊಳಮ್ಮ."

"ಟ್ಯಾಕ್ಸ್ ಗೈಡ್ ನೋಡ್ಕೊಂಡು ಬಿಸಿಬೇಳೆಬಾತ್ ಹೇಗೆ ಮಾಡ್ಲಿ ಅಂಕಲ್?"

ಪುಸ್ತಕ ಅರ್ಧವಾಗುವಷ್ಟರಲ್ಲಿ ಅಕ್ಕ ಹಾಸಿಗೆ ಹಿಡಿದಳು. ಒಂದು ದಿನ, ನೋಡಲು ಬಂದಿದ್ದ ನನ್ನನ್ನು ಹತ್ತಿರ ಕರೆದಳು.

"ನಾನು ಹೋದ್ಮೇಲೆ ಇವರು ಓದೋದು ಬಿಡ್ತಾರೆ ಕಣೋ. ಓದೋದು ಬಿಟ್ರೆ ಊಟಾನೂ ಬಿಡ್ತಾರೆ. ನೀನು ಬಂದಾಗೆಲ್ಲ ಗುಟ್ಟಾಗಿ ಒಂದೆರಡು ಮಡಿಕೆ ಕತ್ತರಿಸಿಡು."

ಅವಳು ಹೇಳಿದಂತೆಯೇ ಆಯಿತು. ಅವಳು ಹೋದ ಮೇಲೆ ಭಾವ ಚಾಕು ಮುಟ್ಟಲಿಲ್ಲ. ನಾನು ತಿಂಗಳಿಗೊಮ್ಮೆ ಮೆಲ್ಬರ್ನಿನಿಂದ ಬಂದು, ಅವರು ಸ್ನಾನಕ್ಕೆ ಹೋದಾಗ ಕಳ್ಳನಂತೆ ಕತ್ತರಿಸಿಡುತ್ತಿದ್ದೆ. ಹೊರಬಂದವರು ಪುಟ ಬಿಡಿಸಿ ನೋಡಿ, "ವ್ಯಾಪಾರಿ ಬಂದಿದ್ರು" ಎನ್ನುವರು. ಆ ಕುರ್ಚಿಯತ್ತ ತಿರುಗಿ ಓದುವರು, ಆಮೇಲೆ ಊಟ ಮಾಡುವರು. ನಾನು ಮತ್ತೆ ಬರುವವರೆಗೆ ಅದೇ ಪುಟಗಳನ್ನು ದಿನವೂ ಓದುವರಂತೆ. ನಾನು ಒಳಗೊಳಗೇ ನಗುತ್ತಿದ್ದೆ. ಹೀಗೆ ಎರಡು ವರ್ಷ ನಡೆದು, ಒಂದೇ ಮಡಿಕೆ ಉಳಿಯಿತು.

ಆ ತಿಂಗಳು ನಾನು ಬಾಗಿಲಲ್ಲಿ ಬ್ಯಾಗ್ ಇಳಿಸುವ ಮೊದಲೇ ಭಾವ ಪುಸ್ತಕ ಮುಂದೆ ಹಿಡಿದರು. ಕೊನೆಯ ಮಡಿಕೆ ಕತ್ತರಿಸಿಯಾಗಿತ್ತು.

"ಇಷ್ಟು ದಿನ ಕತ್ತರಿಸಿದ್ದು ನೀನೇ ಅಂತ ನಂಗೆ ಗೊತ್ತಪ್ಪ. ನಿಂದು ಬಲಗೈ, ಬಹಳ ನೀಟು" ಎಂದರು. "ಇದು ನೋಡು."

ತುದಿಯಲ್ಲಿ ಕಾಗದ ಚೂರು ಹರಿದಿತ್ತು.

"ನೀವೇ ಕತ್ತರಿಸಿದ್ರಾ ಭಾವ?" ಎಂದೆ.

"ಇನ್ನೂರು ವರ್ಷ ನೆಟ್ಟಗಿತ್ತು" ಎಂದರು ಭಾವ, ನನಗಲ್ಲ, ಕುರ್ಚಿಗೆ. ಆಮೇಲೆ ಕನ್ನಡಕ ಒರೆಸಿಕೊಂಡು ಕೊನೆಯ ಪುಟ ಓದತೊಡಗಿದರು. ನನಗೆ ಅಳು ತಡೆಯಲಾಗಲಿಲ್ಲ. ಆ ಕುರ್ಚಿಯಲ್ಲಿ ಕೂರದೆ, ಪಕ್ಕದಲ್ಲಿ ನಿಂತೇ ಕೇಳಿದೆ.